ಹದಿನೇಳು ವಾರ್ನಿಂಗ್

ಸೊಲ್ಲಾಪುರ, ಅಕ್ಕಲಕೋಟ ರಸ್ತೆದ ಎಂಐಡಿಸಿ,
ಟಾವೆಲ್ ಕಾರ್ಖಾನಿ, ನಾಕನೇ ಮಗ್ಗ.
ಅದರ ನೆತ್ತಿ ಮ್ಯಾಲೊಂದು ಪೆಟ್ಟಿಗಿ,
ಪೆಟ್ಟಿಗಿಯೊಳಗ ಒಂದು ಆಪರೇಟಿಂಗ್ ಸಿಸ್ಟಮ್.
ಹೆಸರು ಹೇಳಿದ್ರ ಪುಣೆದ ಎಂಜಿನಿಯರ್
ಫೋನಿನ್ಯಾಗ ಮರಾಠಿಯೊಳಗ ನಕ್ಕ:
ಇನ್ನೂ ಜೀವ ಅದ ಏನು ಅದಕ್ಕ?
ಅದ. ಮಾಡಿದ ಕಂಪನಿ ಮುಚ್ಚಿ ಹನ್ನೊಂದು ವರ್ಷ.
ಉಳದದ್ದು ಝೆರಾಕ್ಸ್ ಮಾಡಿದ ಒಂದು ಪುಸ್ತಕ,
ಅದರಾಗ ನಲವತ್ತೊಂದನೇ ಪುಟ ಇಲ್ಲ.

ಬೊಲ್ಲಿ ಸೇಠರಿಗೆ ಅಂಚಿಗೆ ಹೊಸಾ ನವಿಲು ಬೇಕು.
ನವಿಲಿಗೆ ಡ್ರೈವರ್ ತಿದ್ದಬೇಕು,
ಡ್ರೈವರಿಗೆ ಕಂಪೈಲರ್ ಕಟ್ಟಬೇಕು,
ಕಂಪೈಲರ್ ಕಟ್ಟಲಿಕ್ಕೆ ಮೊದಲ ಒಂದು ಕಂಪೈಲರ್ ಇರಬೇಕು.
ಮೊಸರಿಗೆ ಹೆಪ್ಪು, ಹೆಪ್ಪಿಗೆ ಮೊಸರು.
ಹಳೇ ಫ್ಲಾಪಿಯೊಳಗ ಒಂದು ಚಮಚ ಸಿಕ್ತು.

ರಾತ್ರಿ ಪಾಳಿ. ಉಳದ ಇಪ್ಪತ್ಮೂರು ಮಗ್ಗ
ಒಬ್ಬರ ಮಾತು ಒಬ್ಬರು ಕೇಳದ ಜಗಳ ಆಡಾಕತ್ತಾವ.
ಮೇಕ್ ಅಂದೆ.
ಹಸಿರು ಅಕ್ಷರದಾಗ ಅದು ಅಂತು:
ಹದಿನಾಲ್ಕನೇ ಸಾಲು. ನಡುವ ಇರಬೇಕಾದ್ದು ಇಲ್ಲ. ನಿಂತೆ.

ಹದಿನಾಲ್ಕನೇ ಸಾಲು ನೋಡಿದೆ, ಎಲ್ಲಾ ಅದ.
ಅಳಿಸಿ ಬರದೆ. ಮತ್ತ ಅದ ಮಾತು.
ಚಹಾ ಆರಿ ಮ್ಯಾಲೆ ಕೆನಿ ಕಟ್ತು.

ರಾಜೇಶಂ ಬಂದು ಬೆನ್ನ ಹಿಂದ ನಿಂತ.
ಹಾಸು ಕೆಚ್ಚಾವ ಅವ,
ಹಳೇ ಎಳಿ ತುದಿಗೆ ಹೊಸಾ ಎಳಿ,
ಒಂದು ಮಗ್ಗಕ್ಕ ಎರಡು ಸಾವಿರದ ನಾನೂರು ಗಂಟು,
ಹೆಬ್ಬೆರಳಿನ ಗೆರಿ ಸವದು ಆಧಾರ್ ಮಶೀನು ಅವನ್ನ ಒಪ್ಪೂದಿಲ್ಲ.
ಇಂಗ್ಲಿಷ್ ಓದಲಿಕ್ಕೆ ಬರೂದಿಲ್ಲ.
ಕರ್ಸರ್ ಎಡದಿಂದ ಬಲಕ್ಕ ಸರಸಾಕತ್ತಿದ್ದೆ.
"ಅಕ್ಕಾ," ಅಂದ, "ಉಳದ ಸಾಲಿನ್ಯಾಗ ಅದು ಒಮ್ಮೆಲೆ ಜಿಗೀತದ.
ಇಲ್ಲಿ ಮಾತ್ರ ಎಂಟು ಹೆಜ್ಜಿ ನಡೀತದ."

ಎರಡೂ ಖಾಲಿನ. ಕಣ್ಣಿಗೆ ಒಂದ.
ಒಂದು ಟ್ಯಾಬ್, ಒಂದು ಎಂಟು ಸ್ಪೇಸ್.
ಹಸಿವಿ ಬ್ಯಾರೆ, ಉಪವಾಸ ಬ್ಯಾರೆ.

ತಿದ್ದಿದೆ. ಮೇಕ್ ಅಂದೆ.
ಎಲ್ಲಾ ಆಗ್ಯಾದ, ಮಾಡೂದು ಏನೂ ಇಲ್ಲ, ಅಂತು.
ಮಾಡೂದು ಏನೂ ಇಲ್ಲ.
ಈ ಮಾತು ಒಮ್ಮೆ ಮಿಲ್ಲಿನ ಗೇಟಿಗೆ ಮರಾಠಿಯೊಳಗ ತೂಗಿತ್ತು,
ಆ ದಿನ ಅಪ್ಪ ಊಟದ ಡಬ್ಬಿ ಬಿಚ್ಚದನ ತಿರುಗಿ ತಂದಿದ್ದ.

ತಾರೀಖು ಕೇಳಿದೆ.
ಒಂದು ಜನವರಿ, ಹತ್ತೊಂಬತ್ತುನೂರಾ ಎಂಬತ್ತು.
ಬೋರ್ಡಿನ ಸೆಲ್ಲು ಸತ್ತದ.
ನಾ ಈಗ ತಿದ್ದಿದ ಫೈಲು ನಾ ಹುಟ್ಟೂಕಿಂತ ಹಳೇದು,
ಹಳೇ ಸರಕು ಅದಕಿಂತ ತಾಜಾ.
ಲೆಕ್ಕ ತಪ್ಪಿಲ್ಲ ಪಾಪ, ಗಡಿಯಾರ ತಪ್ಪ್ಯಾದ.
ನೂಲು ತೂಗೂ ಕಾಂಟಾದೊಳಗಿನ ಸೆಲ್ಲು ಕಿತ್ತು ಹಾಕಿದೆ.
ಮುಂಜಾನೆ ಸೇಠ ಬೈತಾರ. ಬೈಲಿ.

ಆಮ್ಯಾಲೆ ಲಿಂಕರಿನ ಪಾಳಿ.
ಹೆಸರು ಅದ, ಮನಿ ಸಿಗವಲ್ದು,
ಹೆಸರು ಅದ, ಮನಿ ಸಿಗವಲ್ದು,
ಟಪಾಲಿನವನ ಹಂಗ ಅರವತ್ತಾರು ಸಲ.
ಲೈಬ್ರರಿ ಮೊದಲ ಬರದಿದ್ದೆ, ಅದನ್ನ ಬೇಡಾವ್ರನ್ನ ಆಮ್ಯಾಲೆ.
ಪಂಕ್ತಿ ಕೂಡ್ರೂದರಾಗ
ಬಡಸಾವ್ರು ಬುಟ್ಟಿ ಹಿಡದು ದಾಟಿ ಹೋಗಿದ್ರು.
ಎರಡು ಶಬ್ದ ಅದಲು ಬದಲು ಮಾಡಿದೆ.

ನಾಕೂ ಹತ್ತಕ್ಕ ಕಟ್ಟಿ ಮುಗೀತು.
ಎರರ್ ಇಲ್ಲ. ವಾರ್ನಿಂಗ್ ಹದಿನೇಳು. ಓದಲಿಲ್ಲ.

ರಾಜೇಶಂ ಮಗ್ಗ ಬಿಟ್ಟ.
ಗೇಣು ಅರಿವಿ ಇಳೀತು, ಅಂಚಿನ್ಯಾಗ ನವಿಲು ಇಳದ್ವು,
ಎಂಟೆಂಟು ಎಳಿ ತುಂಡಾಗಿ, ತುಂಡು ತುಂಡೂ ತಿರುವುಮುರುವು,
ಕೊಕ್ಕು ಕುತ್ತಿಗಿಯೊಳಗ, ಕಣ್ಣು ಬಾಲಕ್ಕ ಸಮೀಪ.
ಅವ ತೆಲುಗಿನ್ಯಾಗ ಏನೋ ಅಂದ, ಆಮ್ಯಾಲೆ ನನಗ ತಿಳೀಲಿ ಅಂತ:
"ಕೋಳಿ ಅಂತ ಮಾರಲಿ ಅಕ್ಕಾ."
ಆ ತುಂಡು ಕತ್ತರಿಸಿ ಮಡಚಿ ಕಿಸೆಕ್ಕ ಹಾಕೊಂಡ.

ಆ ಪೆಟ್ಟಿಗಿಗೆ ಕನ್ನಡ ಅಕ್ಷರ ಬರೂದಿಲ್ಲ.
ಇಂಗ್ಲಿಷ್ ಅಕ್ಷರದಾಗ, ಮಶೀನು ಓದದ ಗುರುತಿನ ಹಿಂದ,
ಹದಿನಾಲ್ಕನೇ ಸಾಲಿನ ಮ್ಯಾಲೆ ಬರದಿಟ್ಟೆ:
ಇಲ್ಲಿ ಜಿಗೀಬೇಕು, ನಡೀಬಾರದು. ರಾಜೇಶಂ ಹೇಳ್ಯಾನ.
ಅದರ ಕೆಳಗ:
ನವಿಲು ನಾಳೆ.