ಆರು ಮಿಲಿಮೀಟರಿನ ತೂತು

ರೇಶನ್ ಅಂಗಡಿಯ ಡ್ರಮ್ಮಿಂದ ಸೀಮೆಎಣ್ಣೆ ಎಳೆಯುವುದನ್ನು
ಕಲಿತದ್ದು ಏಳನೇ ವಯಸ್ಸಿಗೆ, ಜೇಡಿಕಟ್ಟೆಯಲ್ಲಿ.
ಪೈಪಿಗೆ ಬಾಯಿಟ್ಟು ಒಂದೇ ಉಸಿರು,
ನಾಲಿಗೆಗೆ ತಾಗುವ ಮೊದಲೇ ಹೆಬ್ಬೆರಳು ಅಡ್ಡ.
ತಪ್ಪಿದರೆ ಮೂರು ದಿನ ಅನ್ನಕ್ಕೂ ಅದೇ ವಾಸನೆ.
ಒಂದು ಸಲ ಪೈಪು ಮೇಲ್ಗಡೆ ಬಿರುಕು ಬಿಟ್ಟಿತ್ತು,
ಎಷ್ಟು ಎಳೆದರೂ ಬರೀ ಗಾಳಿ.
ಅಂಗಡಿಯ ಶೇಷಗಿರಿಯವರು ನಕ್ಕರು:
'ಗಾಳಿ ಹೊಕ್ಕ ಮೇಲೆ ಎಳೆತ ಎಲ್ಲಿಯದೋ, ಮರಿ?'

ಆ ಬಿರುಕನ್ನೇ ಬೇಕೆಂದು ಕೊರೆಯುತ್ತಾರೆ ಎಂದು ತಿಳಿದದ್ದು
ಮಾಚೇನಹಳ್ಳಿಯಲ್ಲಿ, ಆಸಿಡ್ ಟ್ಯಾಂಕಿನ ನೆತ್ತಿಯ ಮೇಲೆ.
ತಳದವರೆಗೆ ಇಳಿದ ಪೈಪು;
ಅದರ ಕೊರಳಲ್ಲಿ, ಚಾವಣಿಗೆ ಗೇಣು ಕೆಳಗೆ,
ಆರು ಮಿಲಿಮೀಟರಿನ ತೂತು.
ಪಂಪು ನಿಂತಾಗ ಅದು ಉಸಿರೆಳೆದುಕೊಳ್ಳುತ್ತದೆ,
ತುಂಬಿದ್ದು ಬಂದ ದಾರಿಗೇ ಮರಳದ ಹಾಗೆ.

ಸರಿ. ಪಂಪು ನಡೆಯುವಾಗ?
ಅದನ್ನು ಯಾರೂ ಕೇಳಲಿಲ್ಲ.
ನಾನೂ.

ಸಲೋಮಿ ಬಂದಳು, ದಪ್ಪ ಅಳೆಯುವ ಮೀಟರು ಹಿಡಿದು.
ಗಂಜಿಯಂಥ ಜೆಲ್ಲು ಬಳಿದು ಗೋಡೆಗೆ ಕಿವಿಗೊಟ್ಟಳು.
ಒಂಬತ್ತೂವರೆ, ಒಂಬತ್ತೂವರೆ, ಒಂಬತ್ತೂಮುಕ್ಕಾಲು,
ಸಂತೆಯಲ್ಲಿ ತೂಗುವವಳ ಹಾಗೆ ಹೇಳುತ್ತಾ ಹೋದಳು.
ಆಮೇಲೆ ಸುಮ್ಮನಾದಳು.
ಒರೆಸಿದಳು, ಮತ್ತೆ ಬಳಿದಳು, ಮತ್ತೆ ಇಟ್ಟಳು.
'ಹಾಲೇಶಪ್ಪಾ, ಎರಡೂಕಾಲು.'
ಅಂಗೈ ಅಗಲದ ಜಾಗ.
ಹೊರಗೆ ಬಣ್ಣ ಕೂಡ ಮಾಸಿರಲಿಲ್ಲ.

ಉಕ್ಕಿಗೂ ಗಂಧಕಾಮ್ಲಕ್ಕೂ ಒಂದು ಒಪ್ಪಂದ ಉಂಟು.
ಮೊದಮೊದಲು ಒಂದಿಷ್ಟು ತಿಂದು
ತಿಂದದ್ದನ್ನೇ ಪೊರೆಯಾಗಿ ಹೊದಿಸಿ
ಅದು ತೆಪ್ಪಗಿರುತ್ತದೆ, ಕಾವಲಿಗೆ ಹದ ಕೂತ ಹಾಗೆ.
ದಿನಾ ದೋಸೆ ಹುಯ್ಯಿ, ಏನೂ ಆಗದು.
ಬೂದಿ ಹಾಕಿ ತಿಕ್ಕಿದೆಯೋ, ಕೆಟ್ಟೆ.
ಇಲ್ಲಿ ತಿಕ್ಕಿದ್ದು ಆ ತೂತಿನಿಂದ ಚಿಮ್ಮಿದ ಒಂದು ಎಳೆ,
ದಿನಕ್ಕೆ ಎರಡೇ ಗಂಟೆ,
ಎದುರಿಗಿದ್ದ ಗೋಡೆಯ ಅದೇ ಜಾಗಕ್ಕೆ.

ಮೀಟಿಂಗಿನಲ್ಲಿ ಚಹಾ, ಖಾರದ ಬಿಸ್ಕತ್ತು.
'ಪ್ಲೇಟೇ ಕಳಪೆ' ಎಂದರು ಮ್ಯಾನೇಜರು,
ಮಾರಿದವನಿಗೆ ಬರೆಯುವ ಪತ್ರದ ಮಾತು ಎತ್ತಿದರು.
ಮೇಜಿನ ಮೇಲೆ ಹಳೆಯ ಡ್ರಾಯಿಂಗು ಬಿಚ್ಚಿತ್ತು.
ಅದರಲ್ಲಿ ತೂತು ಟ್ಯಾಂಕಿನ ನಡುವಿಗೆ ಮುಖ ಮಾಡಿತ್ತು.

ಗ್ಯಾಸ್ಕೆಟ್ಟು ಬದಲಿಸಿದ ಆ ಸಂಜೆ.
ಲೈನನ್ನು ಆಚೆ ಬದಿಯಿಂದ ಈಚೆಗೆ ತಂದಿದ್ದರು,
ಎಲ್ಬೋ ಕೂರಲೊಲ್ಲದು, ಶಿಫ್ಟು ಮುಗಿಯುತ್ತಿತ್ತು,
ಶಿವಮೊಗ್ಗದ ಕಡೆಯ ಬಸ್ಸು ಹಾರನ್ನು ಹೊಡೆಯುತ್ತಿತ್ತು.
ಪೈಪನ್ನು ಅರ್ಧ ಸುತ್ತು ತಿರುಗಿಸಿದೆ. ನಾಲ್ಕು ಬೋಲ್ಟಿನಷ್ಟು.
ಎಂಟೂ ಬೋಲ್ಟು ಬೆಣ್ಣೆಯಲ್ಲಿ ಕೂದಲಿನಂತೆ ಇಳಿದವು.
ಫ್ಲ್ಯಾಂಜಿಗೆ ಮುಖವಿಲ್ಲ, ಬೆನ್ನಿಲ್ಲ,
ಹೇಗೆ ಕೂರಿಸಿದರೂ ಕೂತೇ ಕೂರುತ್ತದೆ.
ಒಳಗಿನ ತೂತು ಯಾವ ಕಡೆ ಹೊರಳಿತೆಂದು
ಹೊರಗೆ ನಿಂತವನಿಗೆ ಏನು ಗೊತ್ತು?

ಗೊತ್ತಿರಬೇಕಿತ್ತು.

'ತಿರುಗಿಸಿದ್ದು ನಾನು' ಅಂದೆ.
ಚಹಾ ಹೀರುವ ಸದ್ದು ನಿಂತಿತು.
ಸಲೋಮಿ ಮಾತ್ರ ಪುಸ್ತಕದಿಂದ ತಲೆ ಎತ್ತದೆ
ಕಾರಣದ ಕಾಲಮ್ಮಿನಲ್ಲಿ ಏನೋ ಹೊಡೆದು ಏನೋ ಬರೆದಳು.

ಟ್ಯಾಂಕು ಖಾಲಿ ಮಾಡಿ, ತೊಳೆದು, ಗಾಳಿ ನೋಡಿ,
ಸವೆದ ತುಂಡು ಕೊಯ್ದು ಹೊಸದು ಬೆಸೆದರು.
ಕೊಯ್ದ ತುಂಡು ಬಿಸಿಲಿಗೆ ಹಿಡಿದರೆ
ಒಳಮೈಯಲ್ಲಿ ಒಂದು ಬಟ್ಟಲು,
ಯಾರೋ ವರ್ಷಗಟ್ಟಲೆ ಸಾರು ಬಡಿಸಿಕೊಂಡ ಹಾಗೆ ನುಣುಪು.

ಹೊಸ ಪೈಪಿನ ತೂತು ನಡುವಿನ ಕಡೆಗೆ, ಕೊಂಚ ಕೆಳಮುಖ.
ತೂತಿನ ನೇರಕ್ಕೆ ಫ್ಲ್ಯಾಂಜಿನ ಅಂಚಿಗೆ ಗರಗಸ ಎಳೆದೆ,
ಅದರ ಕೆಳಗಿನ ನಾಝಲಿಗೂ ಒಂದು ಗೀರು.
ಹೊಸ ಹುಡುಗ ಮುನೀರ ಕೇಳಿದ:
'ಬಿಳಿ ಪೇಂಟಲ್ಲಿ ಒಂದು ಗೆರೆ ಹಾಕಿದ್ದರೆ ಸಾಕಿತ್ತಲ್ಲ, ಅಣ್ಣಾ?'
ಮೇಲೆ ಇನ್ನೊಬ್ಬ ಬಂದು ಬಣ್ಣ ಹೊಡೆಯುತ್ತಾನೆ,
ರಾತ್ರಿ ಕರೆಂಟು ಹೋಗುತ್ತದೆ, ಬಸ್ಸು ಹಾರನ್ನು ಹೊಡೆಯುತ್ತದೆ.
ಅವನ ಉಗುರು ಹಿಡಿದು ಗೀರಿನಲ್ಲಿ ಇಟ್ಟೆ.
'ಸಿಕ್ಕಿತಾ?'
'ಸಿಕ್ಕಿತು.'

ಪಂಪು ಶುರುವಾಯಿತು.
ಹೊಸ ತೇಪೆಯ ಮೇಲೆ ಅಂಗೈ ಇಟ್ಟೆ.
ಒಳಗೆ ದೂರದಲ್ಲಿ
ಆಸಿಡ್ಡಿನ ಮೇಲೆ ಆಸಿಡ್ಡೇ ಬೀಳುವ ಸದ್ದು.