ಪಖಾಲಿಯವ

ಏಳನೇ ಭಾನುವಾರಕ್ಕೆ ನನ್ನ ದಂಡು
ಎರಡನೇ ಬಾವಿಯ ತನಕ ಬಂದಿತ್ತು.
ಗೇಣಿಗೊಂದು ದಿನದ ನಡಿಗೆ ಲೆಕ್ಕ.
ನಕಾಶೆ ನನ್ನದೇ, ಸರ್ವೆ ಆಫೀಸಿನ ಹಳೆಯ ಟ್ರೇಸಿಂಗ್ ಕಾಗದ,
ಹಿಂಬದಿಗೆ ಇನ್ನೂ ಯಾರದೋ ಹೊಲದ ಪೋಡಿ.
ಇಲ್ಲದ ದೇಶಕ್ಕೆ ಗಡಿ ಎಳೆಯುವಾಗ
ಕೈ ಒಂದಿಷ್ಟೂ ನಡುಗಲಿಲ್ಲ. ರೂಢಿ.

ಎದುರಾಳಿ ಮಶಾಕ್,
ಚೌಬಾರಾದ ಹಿಂದಿನ ಓಣಿಯ ಬಿದರಿ ಕೆಲಸದವ.
ಹೂಜಿ ಹುಕ್ಕಾ ಎರಕ ಹೊಯ್ದು ಉಳಿದ ಸತುವಿನಲ್ಲಿ
ಹೆಬ್ಬೆರಳುದ್ದದ ಸೈನಿಕರನ್ನು ಹುಟ್ಟಿಸಿದ:
ನನಗೆ ನೂರಾ ಹನ್ನೆರಡು ಟೊಪ್ಪಿಗೆ, ಎರಡು ತೋಪು,
ತನಗೆ ಅರವತ್ತು ಒಂಟೆ.
ಕೋಟೆಯ ಮಣ್ಣು ಕುದಿಸಿ ಒಂಟೆಗಳನ್ನು ಕಪ್ಪಾಗಿಸಿದ,
ನನ್ನವರನ್ನು ಹಾಗೇ ಬಿಟ್ಟ.
"ಅವರು ಬೆಳ್ಳಗ ಇರಬೇಕಲ್ರೀ."

ಮೊದಲು ಮರುಭೂಮಿಗೆ ಕಡಲೆಹಿಟ್ಟು ಹಾಸಿದ್ದೆವು.
ಇರುವೆ ಬಂದವು, ಯಾವ ಕಡೆಗೂ ಸೇರದ ದಂಡು,
ಒಂದೇ ರಾತ್ರಿಯಲ್ಲಿ ಮೂರು ದಿಬ್ಬ ಹೊತ್ತೊಯ್ದವು.
ಆಮೇಲೆ ಊರ ಕೆಂಪು ಮುರುಮನ್ನೇ ಜರಡಿ ಹಿಡಿದು
"ಈ ಮರುಭೂಮಿ ಕೆಂಪಗ ಇರಲಿ ಬಿಡ್ರಿ" ಅಂದ.
ಶಹಾಬಾದ ಕಲ್ಲಿನ ಮೇಜು. ಕಿಟಕಿಯ ಬಿಸಿಲಿಗೆ
ಸೈನಿಕರ ಅಂಗಾಲು ನಿಜಕ್ಕೂ ಸುಡುತ್ತಿತ್ತು.

ನಿಯಮದ ಪುಸ್ತಕ ಕೋಠಿಯ ಫುಟ್‌ಪಾತಿನ ಜೆರಾಕ್ಸು,
ಹತ್ತೊಂಬತ್ತನೇ ಪುಟ ಇಲ್ಲ.
ಇಪ್ಪತ್ತರಲ್ಲಿ ಇದೆ: ದೇಶೀ ಜನಕ್ಕೆ ಧೈರ್ಯ ಒಂದಂಕ ಕಡಿಮೆ.
ಅಂದರೆ ಅವನ ಅರವತ್ತೂ ಒಂಟೆ,
ನನ್ನ ದಂಡಿನ ಹಿಂದಿನ ಎರಡು ಸಾಲು,
ಹಡಗು ಹತ್ತಿ ನಮ್ಮ ಕಡೆಯಿಂದಲೇ ಹೋದವರು.
"ಯಾಕ್ರೀ ಒಂದು ಕಡಿಮಿ?"
ಹತ್ತೊಂಬತ್ತರಲ್ಲಿ ಕಾರಣ ಇದ್ದೀತು ಅಂದೆ.
ಅವತ್ತು ಗೆಲ್ಲುತ್ತಿದ್ದೆ. ಆ ಸಾಲನ್ನು ಹೊಡೆದುಹಾಕಲಿಲ್ಲ.

ಕೊನೆಗುಳಿದ ಚೂರು ಸತುವಿನಲ್ಲಿ
ಕೇಳದೆಯೇ ಇನ್ನೊಬ್ಬನನ್ನು ಮಾಡಿ ತಂದ. ಪಖಾಲಿಯವ.
ಬಾಗಿದ ಬೆನ್ನು, ಬೆನ್ನ ಮೇಲೆ ತೊಗಲು,
ತೊಗಲಿನ ಬಾಯಿಗೆ ಕೂದಲೆಳೆಯಷ್ಟು ಬೆಳ್ಳಿ ತಂತಿ.
ಇಡೀ ಯುದ್ಧದಲ್ಲಿ ಬೆಳ್ಳಿ ಅದೊಂದೇ.
ಇವನಿಗೆ ಎಷ್ಟು ಅಂಕ? ಬರೆದಿಲ್ಲ.
ಯಾವ ಕಡೆಯವ? ಗುಂಡು ಹೊಡೆಯಬಹುದೇ?
ಅದೂ ಬರೆದಿಲ್ಲ.
ಎರಡು ವಾರ ಜಗಳವಾಡಿ
ನಡುವೆ ನಿಲ್ಲಿಸಿದೆವು, ಯಾರದೂ ಅಲ್ಲದ ಗೇಣಿನಲ್ಲಿ.

ಆ ಭಾನುವಾರ ಆಟ ರಾತ್ರಿಗೆ ಎಳೆಯಿತು.
ಬಾವಿಗೆ ದಾಳ ಹಾಕಿದೆ: ಒಂದು.
ಬಾವಿ ಬತ್ತಿತು. ನೂರಾ ಹನ್ನೆರಡು ಬಾಯಿಗೆ
ನೀರಿನ ಚೀಟಿ ಮೂರು.
ಒಂಟೆಗಳು ದಿಬ್ಬದ ಅಂಚಿಗೆ ಸಾಲು ಕಟ್ಟಿದವು.
ಮಶಾಕನ ಮುಷ್ಟಿಯಲ್ಲಿ ದಾಳ ಗಲಗಲ ಅನ್ನುತ್ತಿತ್ತು,
ಆಗ ಓಣಿಯ ಆ ತುದಿಯಿಂದ ಕೂಗು:
"ನಳಾ ಬಂದಾವೂ!"

ಒಂಬತ್ತು ದಿನಕ್ಕೆ. ಹನ್ನೊಂದೂವರೆ ರಾತ್ರಿಗೆ.
ದಾಳ ಎಲ್ಲಿ ಉರುಳಿತೋ.
ಅವನ ತಂಗಿ ಮೆಹರಾಜ್ ನನ್ನ ಮಡಿಲಿಗೆ ಎರಡು ಕೊಡ ಎಸೆದಳು,
"ಏಳ್ರಿ ಜನರಲ್ ಸಾಬ್, ಅರ್ಧ ತಾಸು ಅಷ್ಟ."
ಪೈಪು ಮೊದಲು ಗಾಳಿ ಉಗುಳಿತು,
ಆಮೇಲೆ ಕೆಂಪು, ಆಮೇಲೆ ನೀರು.
ಕೊಡ, ಬಕೀಟು, ಎಣ್ಣೆ ಡಬ್ಬಿ, ಕೂಸಿನ ತೊಟ್ಟಿ.
ಸಾಲಿನಲ್ಲಿ ನುಗ್ಗಿದ ಪೊಲೀಸಪ್ಪನನ್ನು
ಬರೀ ಕಣ್ಣಿನಿಂದ ಹಿಂದೆ ಕಳಿಸಿದ ಮುದುಕಿ ಗುಂಡಮ್ಮನ ಧೈರ್ಯಕ್ಕೆ
ಎಷ್ಟು ಅಂಕ ಅಂತ ಯಾವ ಪುಟದಲ್ಲಿ ಹುಡುಕಲಿ?

ಹದಿನಾಲ್ಕು ಸಲ ಒಳಗೆ ಹೊರಗೆ.
ಹದಿನೈದನೆಯದಕ್ಕೆ ನಳ ಕೆಮ್ಮಿ ಸುಮ್ಮನಾಯಿತು.
ಒಳಗೆ ಬಂದು ನೋಡಿದರೆ
ಹೊತ್ತ ಕೊಡ ತುಳುಕಿ ನಕಾಶೆ ತೊಯ್ದಿದೆ,
ಎರಡನೇ ಬಾವಿ ಮಸಿಯ ಕೊಳವಾಗಿದೆ,
ಹಿಂಬದಿಯ ಹೊಲ ಮೇಲೆ ಮೂಡಿದೆ:
ಬದು, ಬಂಡಿದಾರಿ, ಸರ್ವೆ ನಂಬರು,
ನನ್ನದೇ ಕಛೇರಿಯ ಯಾರದೋ ಕೈಬರಹ.
ಇಬ್ಬರೂ ಒದ್ದೆ ಅಂಗಿಯಲ್ಲಿ ಅದನ್ನೇ ಓದುತ್ತ ಕೂತೆವು.
"ಯಾರ ಹೊಲ ಇದ್ದೀತ್ರೀ?"
ಗೊತ್ತಿಲ್ಲ.

ಮತ್ತೆ ಆಟಕ್ಕೆ ಕೂತಿಲ್ಲ. ಕೂಡೋಣ ಅಂತೇವೆ.
ಒಂಟೆಗಳು ಬಿಸ್ಕೀಟಿನ ಡಬ್ಬಿಯಲ್ಲಿ, ನನ್ನವರು ಶೂ ಡಬ್ಬಿಯಲ್ಲಿ.
ಪಖಾಲಿಯವ ಮಾತ್ರ ಅವನ ಅಂಗಡಿಯ ಕಿಟಕಿಯಲ್ಲಿ,
ಹೂದಾನಿಗಳ ನಡುವೆ.
ಮೊನ್ನೆ ಹೈದರಾಬಾದಿನ ಗಿರಾಕಿಯೊಬ್ಬ ಬೆಲೆ ಕೇಳಿದನಂತೆ.
"ಇವ ಡ್ಯೂಟಿ ಮ್ಯಾಲ ಅದಾನ್ರೀ" ಅಂದು
ಬೇರೆ ಏನೋ ತೋರಿಸಿದನಂತೆ ಮಶಾಕ್.