ಪಾಲು

ಕೋರ್ಟು ಬಿಡಿಸಿದ್ದು ಗಂಡ ಹೆಂಡಿರನ್ನು.
ಬಟ್ಟೆ ಒಗೆಯುವ ಯಂತ್ರವನ್ನು ಬಿಡಿಸಿದವನು ನಾನು,
ಲಿಯೋವಿಹಿಲ್ದೋ, ಕಮಗ್ವೇ ಊರಿನ ರಿಪೇರಿಯವನು.
ಗರಗಸ ನನ್ನದು, ಬ್ಲೇಡು ಎಲಿಯೇಸರ್ ತಂದದ್ದು,
ಕಾಫಿ ಸೊರಾಯ್ದಾ ಕೊಟ್ಟದ್ದು: ನನಗೊಂದು ಲೋಟ,
ಅವನಿಗಿಲ್ಲ.

ಅದು ಔರಿಕಾ. ಸೋವಿಯೆತ್ ಹಡಗಿನಲ್ಲಿ ಬಂದದ್ದು,
ಎಪ್ಪತ್ತೊಂಬತ್ತರಲ್ಲಿ.
ಎಡಕ್ಕೆ ಒಗೆಯುವ ತೊಟ್ಟಿ, ಬಲಕ್ಕೆ ಹಿಂಡುವ ಡಬ್ಬಿ,
ಒಂದೇ ತಗಡಿನ ಮೈಯಲ್ಲಿ ಎರಡು ಮೋಟಾರು.
ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ ಆಗ;
ರೈಲ್ವೆ ವರ್ಕ್‌ಶಾಪಿನ ಸಭೆಯಲ್ಲಿ ಕೈ ಎತ್ತಿಸಿ, ಎಣಿಸಿ,
ಕಬ್ಬು ಹೆಚ್ಚು ಕಡಿದವನಿಗೆ ಕೊಟ್ಟರು.
ಕಡಿದವನು ನಾನು, ಎಂದ ಅವನು.
ಸುಟ್ಟ ಕಬ್ಬಿನ ಮಸಿ ಹತ್ತಿದ ಅಂಗಿಗಳನ್ನು
ಆರು ತಿಂಗಳು ಕೈಯಲ್ಲಿ ಉಜ್ಜಿದವಳು ಯಾರು, ಎಂದಳು ಇವಳು.
ಜಡ್ಜಮ್ಮ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರಂತೆ.

ಇರುವ ಮನೆಗೇ ಪ್ಲೈವುಡ್ ಗೋಡೆ ಬಂತು.
ನಮ್ಮಲ್ಲಿ ಮದುವೆ ಮುರಿಯುವುದು ಸುಲಭ,
ಇನ್ನೊಂದು ಮನೆ ಸಿಗುವುದು ಕಷ್ಟ.

ಒಗೆಯುವ ಅರ್ಧ ಅವಳಿಗೆ, ಹಿಂಡುವ ಅರ್ಧ ಅವನಿಗೆ.
ಎರಡು ಅಂಗಿಯವನು ಏನು ಹಿಂಡಿಯಾನು?
ಮೋಟಾರು ಬಿಚ್ಚಿಸಿ ಫ್ಯಾನು ಮಾಡಿಸಿಕೊಂಡ.
ರೆಕ್ಕೆಗೆ ವರ್ಕ್‌ಶಾಪಿನ ಊಟದ ತಟ್ಟೆ ಕತ್ತರಿಸಿದೆ.
ತಿರುಗಿತೆಂದರೆ ಗೋಡೆಯ ಕ್ಯಾಲೆಂಡರು ಹಾರಿ
ಮೇ ತಿಂಗಳಲ್ಲಿ ಡಿಸೆಂಬರ್ ತೋರಿಸುತ್ತಿತ್ತು.

ಮಾಡಿ ಕಳಿಸಿದ ದೇಶ ಹೋಯಿತು, ಹಡಗು ನಿಂತವು,
ಯಂತ್ರದ ಹಣೆಯ ಮೇಲಿನ ರಷ್ಯನ್ ಅಕ್ಷರ
ಓದಬಲ್ಲವರೂ ಓಣಿಯಲ್ಲಿ ಒಬ್ಬಿಬ್ಬರಾದರು.
ಅರ್ಧ ಔರಿಕಾ ಗುಡುಗುಡು ಎನ್ನುತ್ತಲೇ ಇತ್ತು.
ಸೋರಿದಾಗ ಸೈಕಲ್ ಟ್ಯೂಬಿನ ರಬ್ಬರು,
ಟೈಮರ್ ಸತ್ತಾಗ ಸೊರಾಯ್ದಾಳ ಬಾಯಿ:
ಮುನ್ನೂರರ ತನಕ ಎಣಿಸಿ ತಾನೇ ಆರಿಸುತ್ತಾಳೆ.

ಕಳೆದ ಆಗಸ್ಟಿನಲ್ಲಿ ಅವಳ ಕೆಪಾಸಿಟರ್ ಹೋಯಿತು.
ಬೀದಿಗೆಲ್ಲ ಒಗೆದುಕೊಟ್ಟು ಉಣ್ಣುವವಳು.
ಮೋಟಾರು ಹೂಂ ಎನ್ನುತ್ತದೆ, ಏಳುವುದಿಲ್ಲ,
ಸೋಮವಾರದ ಬೆಳಗಿನ ಗಂಡಸಿನ ಹಾಗೆ.
ಅದಕ್ಕೆ ಹೊಂದುವುದು ಇಡೀ ಓಣಿಗೆ ಒಂದೇ,
ಗೋಡೆಯಾಚೆ, ಫ್ಯಾನಿನ ಹೊಟ್ಟೆಯಲ್ಲಿ.

ಕೇಳಲು ಅವಳು ಹೋಗಲಿಲ್ಲ, ನನ್ನನ್ನು ಕಳಿಸಿದಳು.
ಅವನು ಆಗಲಿ ಅನ್ನಲಿಲ್ಲ, ಆಗದು ಅನ್ನಲಿಲ್ಲ,
ಫ್ಯಾನು ಆರಿಸಿ ಬೋರಲು ಹಾಕಿದ.
ಪ್ಲೈವುಡ್ಡಿಗೆ ಮುಷ್ಟಿಯಷ್ಟು ತೂತು ಕೊರೆದೆ.
ಹಗಲು ಅವಳಿಗೆ, ರಾತ್ರಿ ಅವನಿಗೆ.
ಇಬ್ಬರಿಗೂ ಒಂದೇ ಪಾಠ ಹೇಳಿಕೊಟ್ಟೆ:
ಬಿಚ್ಚಿದ ಮೇಲೆ ಎರಡು ಕಾಲಿಗೂ ಸ್ಕ್ರೂಡ್ರೈವರ್ ತಾಗಿಸಿ,
ಒಳಗುಳಿದದ್ದನ್ನು ಚಟ್ ಎಂದು ಇಳಿಸಿಯೇ ಕೈಗೆ ಕೊಡಿ,
ಇಲ್ಲವಾದರೆ ತೆಗೆದುಕೊಂಡವರಿಗೆ ಹೊಡೆಯುತ್ತದೆ.
ನಲವತ್ತು ವರ್ಷ ಮೊದಲೇ ಹೇಳಬಾರದಿತ್ತೇ,
ಎಂದಳು ಅವಳು. ಯಾರಿಗೆ ಎಂದಳೋ.

ನಿಜ ಹೇಳಿಬಿಡುತ್ತೇನೆ. ಅಕ್ಟೋಬರಿನಲ್ಲಿ
ಫ್ಲೋರಿದಾದ ಗುಜರಿಯಲ್ಲಿ (ಅಮೆರಿಕದ್ದಲ್ಲ,
ನಮ್ಮ ಪಕ್ಕದೂರು) ಅದೇ ಅಳತೆಯ ಇನ್ನೊಂದು ಸಿಕ್ಕಿತು.
ಮೊಳೆ ಡಬ್ಬಿಯ ತಳದಲ್ಲಿದೆ.
ಯಾಕೆ ಕೊಟ್ಟಿಲ್ಲ ಎಂದು ನನ್ನವಳು ಕೇಳುತ್ತಾಳೆ.
ಮರೆತೆ ಎನ್ನುತ್ತೇನೆ.

ಕರೆಂಟಿಗೆ ಈ ಕರಾರು ಗೊತ್ತಿಲ್ಲ.
ಹಗಲೆಲ್ಲ ಇಲ್ಲ, ನಡುರಾತ್ರಿ ಎರಡಕ್ಕೆ ಬರುತ್ತದೆ.
ಉಂಡು ಮಲಗಿದ ಮೇಲೇ ಇವರ ಜಗಳ ಶುರು,
ತೂತಿನಲ್ಲಿ, ಮೊಮ್ಮಗು ಏಳದ ಹಾಗೆ ಪಿಸುದನಿಯಲ್ಲಿ:
ರಾತ್ರಿ ನನ್ನದು.
ನರ್ಸಿನ ಬಟ್ಟೆ ಬೆಳಗಾಗುವಷ್ಟರಲ್ಲಿ ಬೇಕು.
ನನ್ನ ಬೆವರು ನೋಡು.
ನಾನೇನು ಐಸಿನ ಮೇಲೆ ಮಲಗಿದ್ದೇನೆಯೇ?
ಆಮೇಲೆ ಚಟ್.
ಗೆದ್ದವರು ಯಾರೆಂದು ಸದ್ದಿನಲ್ಲೇ ತಿಳಿಯುತ್ತದೆ.

ನಿನ್ನೆ ಗುಡುಗುಡು. ಅವಳದು.
ಅದು ನಿಂತ ಮೇಲೆ ಕಿಟಕಿಯಿಂದ ಇಣುಕಿದೆ, ತಪ್ಪೇ ಇರಲಿ.
ಹಿತ್ತಲಿನ ಬಲ್ಬಿನಡಿ, ಆಳೆತ್ತರದ ಮಣ್ಣಿನ ಹಂಡೆಯ ಪಕ್ಕ
ಒದ್ದೆ ದುಪ್ಪಟಿ.
ಒಂದು ತುದಿ ಅವಳ ಕೈಲಿ, ಇನ್ನೊಂದು ಅವನ ಕೈಲಿ,
ಅವಳು ಅತ್ತ ತಿರುಚುತ್ತ, ಅವನು ಇತ್ತ,
ಮಾತಿಲ್ಲ, ನೀರು ಮಾತ್ರ ಇಳಿಯುತ್ತಿತ್ತು.
ಹಿಂಡುವ ಅರ್ಧ
ಅವನ ಪಾಲಿಗೆ ತಾನೇ ಬಂದದ್ದು.